‘ಬಾ, ನೋಡು’: ತಡವಾಗಿ ಕಲಿತ ಒಂದು ಪಾಠ

ಹತ್ತನೆಯ ತರಗತಿಯಲ್ಲಿ ನನ್ನಲ್ಲಿ ಇತಿಹಾಸ ಕಲಿತವರಿಗೆ ‘ಎರಡನೆಯ ಮಹಾಯುದ್ಧದ ಕಾರಣಗಳು’ ಎಂಬ ಪಾಠ ನೆನಪಿರಬಹುದು. ವರ್ಸೇಲ್ಸ್ ಒಪ್ಪಂದ, ಆರ್ಥಿಕ ಕುಸಿತ, ರಾಷ್ಟ್ರಸಂಘದ ವೈಫಲ್ಯ, ಹಿಟ್ಲರನ ಉದಯ, ಪೋಲೆಂಡಿನ ಮೇಲಿನ ದಾಳಿ ಎಂದು ಕರಿಹಲಗೆಯ ಮೇಲೆ ಐದು ಅಂಶಗಳನ್ನು ಬರೆದು, “ಐದು ಅಂಕದ ಪ್ರಶ್ನೆ, ಬಿಡಬೇಡಿ” ಎಂದು ಎಚ್ಚರಿಸುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹಿಟ್ಲರ್ ಮಗುವಾಗಿದ್ದಾಗಲೇ ಯಾರಾದರೂ ಕೊಂದುಬಿಟ್ಟಿದ್ದರೆ ಯುದ್ಧವೇ ಆಗುತ್ತಿರಲಿಲ್ಲ ಅಲ್ಲವೇ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. “ಇದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ಅದು ನಗುವ ಪ್ರಶ್ನೆಯಾಗಿರಲಿಲ್ಲವೆಂದು ನನಗೆ ಮನವರಿಕೆಯಾದದ್ದು ಕಳೆದ ತಿಂಗಳು, ಒಂದು ಚಲನಚಿತ್ರವನ್ನು ಮೊದಲ ಬಾರಿಗೆ ನೋಡಿದಾಗ.

ಚಿತ್ರದ ಹೆಸರು ‘ಬಾ, ನೋಡು’. 1985ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದುದು. ಹೆಸರನ್ನು ಬೈಬಲಿನ ಪ್ರಕಟನೆ ಗ್ರಂಥದಿಂದ ಆರಿಸಿಕೊಂಡಿದ್ದಾರೆ. ನಿರ್ದೇಶಕ ಎಲೆಮ್ ಕ್ಲಿಮೋವ್ 1933ರಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಜನಿಸಿದವರು. ಬಾಲ್ಯದಲ್ಲಿ ಆ ನಗರ ಹೊತ್ತಿ ಉರಿಯುತ್ತಿದ್ದಾಗ ತಾಯಿಯೊಡನೆ ವೋಲ್ಗಾ ನದಿಯನ್ನು ದಾಟಿ ಪಾರಾದವರು. ಚಿತ್ರಕಥೆಯಲ್ಲಿ ಜೊತೆಯಾದ ಅಲೆಸ್ ಆಡಮೋವಿಚ್ ಹದಿಹರೆಯದಲ್ಲೇ ಬೆಲಾರೂಸಿನ ಕಾಡುಗಳಲ್ಲಿ ಗೆರಿಲ್ಲಾ ಹೋರಾಟಗಾರರೊಡನೆ ಇದ್ದವರು. ಮುಂದೆ ಸುಟ್ಟುಹೋದ ಹಳ್ಳಿಗಳಲ್ಲಿ ಬದುಕುಳಿದವರ ಮಾತುಗಳನ್ನು ಇತರ ಇಬ್ಬರು ಲೇಖಕರೊಡನೆ ಸಂಗ್ರಹಿಸಿದವರು. ಇಬ್ಬರೂ ಬೆಂಕಿಯನ್ನು ಕಣ್ಣಾರೆ ಕಂಡವರೇ.

ಕಥಾನಾಯಕ ಫ್ಲ್ಯೋರಾ ಎಂಬ ಬಾಲಕ. ಕಾಲ 1943. ಮರಳಿನಲ್ಲಿ ಹೂತುಹೋದ ಬಂದೂಕೊಂದನ್ನು ಅಗೆದು ತೆಗೆದು, ಅಳುವ ತಾಯಿಯನ್ನು ಬಿಟ್ಟು ಉತ್ಸಾಹದಿಂದ ಹೋರಾಟಗಾರರನ್ನು ಸೇರುತ್ತಾನೆ. ಅಲ್ಲಿಂದ ಮುಂದೆ ಎಲ್ಲವೂ ಜ್ವರದ ಕನಸಿನಂತೆ ಸಾಗುತ್ತದೆ. ಬಾಂಬು ಬಿದ್ದು ಅವನ ಕಿವಿ ಮುಚ್ಚಿದಾಗ ನಮಗೂ ಬರಿಯ ಗುಂಯ್‌ಗುಡುವ ಸದ್ದಷ್ಟೇ ಕೇಳುತ್ತದೆ. ಹಸಿದ ಜನರಿಗಾಗಿ ತರುತ್ತಿದ್ದ ಹಸು ರಾತ್ರಿ ಬಯಲಿನಲ್ಲಿ ಗುಂಡೇಟಿಗೆ ಬಲಿಯಾಗುತ್ತದೆ. ಸಾಯುತ್ತಿರುವ ಅದರ ಕಣ್ಣನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ. ಅಲ್ಲಿಗೆ ನನ್ನ ಶ್ರೀಮತಿ ಎದ್ದು ಒಳಗೆ ಹೋದಳು. ಕೊನೆಗೆ ಒಂದು ಹಳ್ಳಿಯ ಜನರನ್ನೆಲ್ಲ ಮರದ ಕಟ್ಟಡವೊಂದಕ್ಕೆ ತುಂಬಿ ಬೆಂಕಿಯಿಡುತ್ತಾರೆ. ಸೈನಿಕರು ಚಪ್ಪಾಳೆ ತಟ್ಟುತ್ತಾರೆ. ಫ್ಲ್ಯೋರಾನ ಪಾತ್ರ ವಹಿಸಿದ ಅಲೆಕ್ಸೇಯ್ ಕ್ರಾವ್‌ಚೆಂಕೋ ಆಗಿನ್ನೂ ಹದಿಹರೆಯದ ಹುಡುಗ. ಚಿತ್ರ ಮುಗಿಯುವ ವೇಳೆಗೆ ಆ ಮುಖ ಮುದುಕನ ಮುಖದಂತೆ ಸುಕ್ಕುಗಟ್ಟಿರುತ್ತದೆ.

ಇದೆಲ್ಲ ಕಲ್ಪನೆಯಿರಬಹುದೆಂದು ಸಮಾಧಾನಪಟ್ಟುಕೊಳ್ಳಲು ಇತಿಹಾಸದ ಮೇಷ್ಟರಿಗೆ ಅವಕಾಶವಿಲ್ಲ. 1943ರ ಮಾರ್ಚ್ 22ರಂದು ಬೆಲಾರೂಸಿನ ಖಾತಿನ್ ಗ್ರಾಮದ ಬಳಿ ಹೋರಾಟಗಾರರು ಜರ್ಮನ್ ಅಧಿಕಾರಿಯೊಬ್ಬನನ್ನು ಕೊಂದರು. ಆತ ಹಾನ್ಸ್ ವೋಲ್ಕೆ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗುಂಡು ಎಸೆತದಲ್ಲಿ ಚಿನ್ನದ ಪದಕ ಗೆದ್ದವನು. ಅದೇ ದಿನ ಸೇಡಿಗೆಂದು ಊರಿನವರನ್ನು ಕೊಟ್ಟಿಗೆಯೊಂದಕ್ಕೆ ತುಂಬಿ ಸುಟ್ಟರು. ಸತ್ತವರು 149 ಮಂದಿ. ಅವರಲ್ಲಿ 75 ಮಕ್ಕಳು. ಹೀಗೆ ಜನರ ಸಮೇತ ಸುಟ್ಟುಹೋದ ಹಳ್ಳಿಗಳ ಸಂಖ್ಯೆ 628 ಎಂದು ಚಿತ್ರದ ಕೊನೆಯ ಬರಹ ತಿಳಿಸುತ್ತದೆ. ಖಾತಿನ್‌ನಲ್ಲಿ 1969ರಲ್ಲಿ ತೆರೆದ ಸ್ಮಾರಕದಲ್ಲಿ ಮೂರು ಬರ್ಚ್ ಮರಗಳಿವೆ. ನಾಲ್ಕನೆಯದರ ಸ್ಥಾನದಲ್ಲಿ ಆರದ ಜ್ಯೋತಿಯಿದೆ. ಆ ನಾಡಿನ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲವೆಂಬುದು ಅದರ ಅರ್ಥ. (ಇದನ್ನು ಕಾತಿನ್ ಎಂಬ ಮತ್ತೊಂದು ಸ್ಥಳದೊಡನೆ ಬೆರೆಸಬಾರದು. ಕಾತಿನ್ ಹತ್ಯಾಕಾಂಡದಲ್ಲಿ ಪೋಲೆಂಡಿನ ಅಧಿಕಾರಿಗಳನ್ನು 1940ರಲ್ಲಿ ಕೊಂದದ್ದು ಸೋವಿಯತ್ ಪೊಲೀಸರು. 1990ರವರೆಗೂ ಆ ಸರ್ಕಾರ ಅದನ್ನು ಒಪ್ಪಿಕೊಳ್ಳಲಿಲ್ಲ.) ಮೂವತ್ತು ವರ್ಷ ಮಹಾಯುದ್ಧದ ಪಾಠ ಮಾಡಿದ ನಾನು ಬೆಲಾರೂಸ್ ಎಂಬ ಹೆಸರನ್ನು ತರಗತಿಯಲ್ಲಿ ಒಮ್ಮೆಯಾದರೂ ಉಚ್ಚರಿಸಿದ ನೆನಪಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಚಿತ್ರದ ಕೊನೆಯಲ್ಲಿ ನೀರುಗುಂಡಿಯಲ್ಲಿ ಬಿದ್ದ ಹಿಟ್ಲರನ ಭಾವಚಿತ್ರಕ್ಕೆ ಫ್ಲ್ಯೋರಾ ಗುಂಡು ಹಾರಿಸುತ್ತಾನೆ. ಇಡೀ ಚಿತ್ರದಲ್ಲಿ ಅವನು ಹಾರಿಸುವ ಗುಂಡುಗಳು ಇವೇ. ಒಂದೊಂದು ಗುಂಡಿಗೂ ಇತಿಹಾಸ ಹಿಂದಕ್ಕೆ ಓಡುತ್ತದೆ: ಬಿದ್ದ ಕಟ್ಟಡಗಳು ಎದ್ದು ನಿಲ್ಲುತ್ತವೆ, ಸೈನ್ಯಗಳು ಹಿಂದಡಿಯಿಡುತ್ತವೆ, ಹಿಟ್ಲರ್ ಕಿರಿಯನಾಗುತ್ತ ಹೋಗುತ್ತಾನೆ. ಕಟ್ಟಕಡೆಗೆ ತಾಯಿಯ ಮಡಿಲಲ್ಲಿ ಕುಳಿತ ಕೂಸಿನ ಚಿತ್ರ. ಫ್ಲ್ಯೋರಾ ಗುರಿಯಿಡುತ್ತಾನೆ; ಆದರೆ ಗುಂಡು ಹಾರಿಸುವುದಿಲ್ಲ.

ಯಾಕೆ? ಉತ್ತರ ಚಿತ್ರದಲ್ಲಿಯೇ ಇದೆ. ಬೆಂಕಿಯಿಡುವ ಮುನ್ನ ಅಧಿಕಾರಿಯೊಬ್ಬ, ಮಕ್ಕಳನ್ನು ಒಳಗೇ ಬಿಟ್ಟು ಬರುವವರು ಹೊರಗೆ ಬರಬಹುದು ಎಂದಿರುತ್ತಾನೆ. ಮುಂದೆ ಸೆರೆಸಿಕ್ಕಾಗ ಅವನು ಅದನ್ನು ಸಮರ್ಥಿಸಿಕೊಳ್ಳುತ್ತಾನೆ: ಎಲ್ಲವೂ ಆರಂಭವಾಗುವುದು ಮಕ್ಕಳಿಂದಲೇ ಎಂಬುದು ಅವನ ವಾದ. ಮುಂದೆ ಹೀಗಾಗಬಹುದೆಂದು ಇಂದು ಕೂಸನ್ನು ಕೊಲ್ಲುವುದು ಆ ಕೊಟ್ಟಿಗೆಗೆ ಬೆಂಕಿಯಿಟ್ಟವರ ತರ್ಕ. ಫ್ಲ್ಯೋರಾ ಆ ತರ್ಕವನ್ನು ಒಪ್ಪಲಿಲ್ಲ.

ಮತ್ತೊಂದು ಮಾತು. ಖಾತಿನ್‌ಗೆ ಬೆಂಕಿಯಿಟ್ಟವರೆಲ್ಲ ಜರ್ಮನರಾಗಿರಲಿಲ್ಲ. ಎಸ್‌.ಎಸ್‌. ಪಡೆಯ ಜೊತೆಗಿದ್ದ 118ನೆಯ ಸಹಾಯಕ ಪೊಲೀಸ್ ದಳದಲ್ಲಿ ಯುಕ್ರೇನಿನವರೇ ಹೆಚ್ಚಾಗಿದ್ದರು. ಅವರೂ ಯಾವುದೋ ತಾಯಿಯ ಮಡಿಲಲ್ಲಿ ಬೆಳೆದ ಮಕ್ಕಳೇ. ಒಂದು ಕೂಸು ಇಲ್ಲದಿದ್ದರೆ ಅವರೆಲ್ಲರ ಕೈ ತಡೆಯುತ್ತಿತ್ತೆಂದು ಹೇಗೆ ಹೇಳುವುದು? ನಾನು ಬರೆಸಿದ ಐದು ಅಂಶಗಳು ತಪ್ಪಲ್ಲ. ಆದರೆ ಕಡ್ಡಿ ಗೀರಿದ ಕೈಗಳು ಆ ಪಟ್ಟಿಯಲ್ಲಿ ಇರಲಿಲ್ಲ.

ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಹೊರಗೆ ಜಗಲಿಯಲ್ಲಿ ಕುಳಿತಿದ್ದೆ. ನೋಡಿ ಎಂದು ಎಲ್ಲರಿಗೂ ಶಿಫಾರಸು ಮಾಡಲಾರೆ. ಚಿಕ್ಕ ಮಕ್ಕಳಿಗಂತೂ ಖಂಡಿತ ಬೇಡ. ಆ ಹಿಂದಿನ ಬೆಂಚಿನ ಹುಡುಗನ ಮುಖ ನೆನಪಿದೆ, ಹೆಸರು ಮರೆತಿದೆ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆ ಆ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ನಿನ್ನನ್ನು ಕುಳಿತುಕೋ ಎಂದದ್ದು ನನ್ನ ತಪ್ಪು.