‘ಅಪ್ರೀತಿ’ಗೆ ಅಳತೆಗೋಲು ಎಲ್ಲಿದೆ?

1897ರ ಸೆಪ್ಟೆಂಬರಿನಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲೆ ನಡೆದ ರಾಜದ್ರೋಹದ ಮೊಕದ್ದಮೆ ‘ಡಿಸ್‌ಅಫೆಕ್ಷನ್’ (ಅಪ್ರೀತಿ) ಎಂಬ ಒಂದೇ ಪದದ ಮೇಲೆ ನಿಂತಿತ್ತು. ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ಅಪ್ರೀತಿ ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜೂರಿಗೆ ಹೇಳಿದರು. ತಿಲಕರ ಪತ್ರಿಕೆ ‘ಕೇಸರಿ’ಯ ಬರಹಗಳನ್ನು ಓದಿದವರು ದಂಗೆ ಎದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಜೂರಿಯ ಆರು ಐರೋಪ್ಯರಿಗೆ ತಿಲಕರು ಅಪರಾಧಿ, ಮೂವರು ಭಾರತೀಯರಿಗೆ ನಿರಪರಾಧಿ. ಅದೇ ಬರಹ, ಅದೇ ಪದ, ಎರಡು ತೀರ್ಮಾನ! ಮನಸ್ಸಿನ ಭಾವವನ್ನು ಅಪರಾಧವೆಂದು ಕರೆದರೆ ಅದರ ಗಡಿಯನ್ನು ಕಾನೂನು ಗುರುತಿಸಲಾರದು, ತೀರ್ಪು ಕೊಡಲು ಕೂತವರ ಮನಸ್ಸೇ ಗುರುತಿಸುತ್ತದೆ. ಮರುವರ್ಷ ಸರ್ಕಾರ ರಾಜದ್ರೋಹದ ಕಲಮಿಗೆ ತಿದ್ದುಪಡಿ ತಂದು ದ್ವೇಷ, ತಿರಸ್ಕಾರ, ವೈರಭಾವಗಳನ್ನೂ ಸೇರಿಸಿತು. ಪದಗಳು ಹೆಚ್ಚಿದವು, ಗಡಿ ಸ್ಪಷ್ಟವಾಗಲಿಲ್ಲ.

ಮಾತಿಗೂ ರಕ್ತಪಾತಕ್ಕೂ ನಂಟಿಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ‘ಕೇಸರಿ’ಯ ಬರಹಗಳು ಹೊರಬಂದ ಒಂದೇ ವಾರದಲ್ಲಿ, 1897ರ ಜೂನ್ 22ರಂದು, ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತ್ತು. ಆದರೆ ಕೊಲೆಗೆ ಕುಮ್ಮಕ್ಕು ಕೊಡುವುದು ದಂಡಸಂಹಿತೆಯಲ್ಲಿ ಆಗಲೇ ಅಪರಾಧವಾಗಿತ್ತು. ತಿಲಕರ ಮೇಲೆ ಆ ಆರೋಪವನ್ನು ಹೊರಿಸಲಿಲ್ಲ. ಕುಮ್ಮಕ್ಕಿಗೆ ಮಾತು ಮತ್ತು ಕೃತ್ಯದ ನಡುವಿನ ಕೊಂಡಿ ತೋರಿಸಬೇಕು, ಅಪ್ರೀತಿಗೆ ಬೇಕಿಲ್ಲ. 1908ರಲ್ಲಿ ಮುಜಫ್ಫರ್‌ಪುರದ ಬಾಂಬಿನ ಬೆನ್ನಿಗೇ ಮತ್ತೆ ಮೊಕದ್ದಮೆ. ಮರಾಠಿ ಲೇಖನಗಳ ಇಂಗ್ಲಿಷ್ ಅನುವಾದ ಅರ್ಥವನ್ನೇ ಕೆಡಿಸಿದೆ ಎಂದು ತಿಲಕರು ಪದಪದಕ್ಕೂ ವಾದಿಸಿದರು. ಫಲಿಸಲಿಲ್ಲ: ಏಳಕ್ಕೆ ಎರಡು ಮತ, ಆರು ವರ್ಷ ಗಡೀಪಾರು. ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಭಾಷಣವನ್ನು ಇಡಿಯಾಗಿ ಓದಬೇಕೆಂಬ ವಿವೇಕ ಅದೇ ಹೈಕೋರ್ಟಿನಿಂದಲೇ ಬಂತು, ಅದೂ ನಮ್ಮ ಬೆಳಗಾವಿಯ ಭಾಷಣ ಸೇರಿದ್ದ ಪ್ರಕರಣದಲ್ಲಿ. 1916ರ ನವೆಂಬರಿನಲ್ಲಿ ಜಿನ್ನಾ ಅವರ ವಾದ ಕೇಳಿದ ನ್ಯಾಯಮೂರ್ತಿಗಳಾದ ಬ್ಯಾಚೆಲರ್ ಮತ್ತು ಶಾ, ಬಿಡಿ ವಾಕ್ಯಗಳನ್ನಲ್ಲ, ಒಟ್ಟು ಪರಿಣಾಮವನ್ನು ನೋಡಿ ಸನ್ನಡತೆಗೆ ಭದ್ರತೆ ಕೊಡಬೇಕೆಂದು ತಿಲಕರ ವಿರುದ್ಧ ಹೊರಡಿಸಿದ್ದ ಆದೇಶವನ್ನು ರದ್ದುಮಾಡಿದರು.

ಭಯೋತ್ಪಾದನೆ ಬೇರೆಯೇ ಪಿಡುಗು, ಹಳೆಯ ಅಳತೆ ಅದಕ್ಕೆ ಸಾಲದು ಎನ್ನುವವರಿದ್ದಾರೆ. 2008ರ ನವೆಂಬರ್ 26ರ ದಾಳಿಯನ್ನು ಕಂಡ ಮುಂಬಯಿಯಲ್ಲಿ ಆ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಅಪಾಯ ದೊಡ್ಡದಾದಷ್ಟೂ ಜಾಮೀನು ದುರ್ಲಭವಾಗುತ್ತದೆ, ವಿಚಾರಣೆಗೆ ಮುನ್ನವೇ ವರ್ಷಗಳು ಜೈಲಿನಲ್ಲಿ ಕಳೆಯುತ್ತವೆ. ಆದ್ದರಿಂದ ವ್ಯಾಖ್ಯೆ ಇನ್ನಷ್ಟು ಬಿಗಿಯಾಗಬೇಕು, ಸಡಿಲವಾಗಬಾರದು. ಹಿಂಸೆಗೆ ನೇರವಾಗಿ ಪ್ರಚೋದಿಸಿದ ಮಾತು ಮಾತ್ರ ಅಪರಾಧ ಎಂದು ಸಂಸತ್ತು ಬರೆದೇ ಹೇಳಲಿ. 2024ರ ಜುಲೈ 1ರಂದು ಹಳೆಯ ದಂಡಸಂಹಿತೆಯ ಜೊತೆ ರಾಜದ್ರೋಹದ ಕಲಮೂ ಹೋಯಿತು. ಅಪ್ರೀತಿ ಮಾತ್ರ 1967ರ ಯುಎಪಿಎ ಕಾಯ್ದೆಯ ‘ಕಾನೂನುಬಾಹಿರ ಚಟುವಟಿಕೆ’ಯ ವ್ಯಾಖ್ಯೆಯಲ್ಲಿ ಇಂದಿಗೂ ಉಳಿದಿದೆ, ವಿವರಣೆಯೇ ಇಲ್ಲದೆ.