ಬೀಗದ ಕೈಯಿಂದ ಬಂದೂಕಿನವರೆಗೆ: ಅಮೆರಿಕದ ಕ್ಯಾಂಪಸ್ ಪೊಲೀಸರ ಕಥೆ



ಪ್ಲಸ್ ಟು ಮುಗಿಸಿ ದೂರದ ಊರಿನ ಕಾಲೇಜಿಗೆ ಹೊರಟ ಮಕ್ಕಳ ಬಗ್ಗೆ ಮನೆಯವರ ಮೊದಲ ಚಿಂತೆ, ಅಲ್ಲಿ ಸುರಕ್ಷತೆ ಹೇಗಿದೆ ಎಂಬುದು. ಇದಕ್ಕೆ ಅಮೆರಿಕದವರು ಕಂಡುಕೊಂಡ ಉತ್ತರ ನಮಗೆ ಹೊಸದು. ಅಲ್ಲಿ ವಿಶ್ವವಿದ್ಯಾಲಯಕ್ಕೇ ಸ್ವಂತ ಪೊಲೀಸ್ ಪಡೆ ಇರುತ್ತದೆ. ಅವರಿಗೆ ಬಂಧಿಸುವ ಅಧಿಕಾರವೂ ಇದೆ, ಹೆಚ್ಚಿನ ಕಡೆ ಸೊಂಟದಲ್ಲಿ ಬಂದೂಕೂ ಇದೆ. ಇದು ಹೇಗಾಯಿತು ಎಂದು ನೋಡೋಣ.

ಮೊದಲ ಹೆಜ್ಜೆ ಇಟ್ಟದ್ದು ಯೇಲ್ ಎಂಬ ಖಾಸಗಿ ವಿಶ್ವವಿದ್ಯಾಲಯ. ಊರಿನವರಿಗೂ ವಿದ್ಯಾರ್ಥಿಗಳಿಗೂ ಆಗುತ್ತಿದ್ದ ಜಗಳ ತಡೆಯಲು 1894ರಲ್ಲಿ ನ್ಯೂ ಹೇವನ್ ನಗರದ ಇಬ್ಬರು ಪೊಲೀಸರನ್ನು ಅಲ್ಲಿಗೆ ನೇಮಿಸಲಾಯಿತು. ಆದರೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಇದ್ದವರು ಕಾವಲುಗಾರರು ಮಾತ್ರ. ಬಾಗಿಲಿಗೆ ಬೀಗ ಹಾಕುವುದು, ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಬಾಯ್ಲರ್ ಗಮನಿಸುವುದು ಅವರ ಕೆಲಸ.

1960ರ ದಶಕ ಎಲ್ಲವನ್ನೂ ಬದಲಿಸಿತು. 1964ರ ಅಕ್ಟೋಬರ್ 1ರಂದು ಬರ್ಕ್ಲಿಯಲ್ಲಿ ಒಬ್ಬ ಹೋರಾಟಗಾರನನ್ನು ಬಂಧಿಸಿ ಕೂರಿಸಿದ್ದ ಪೊಲೀಸ್ ಕಾರನ್ನು ವಿದ್ಯಾರ್ಥಿಗಳು 32 ಗಂಟೆ ಸುತ್ತುವರಿದು ಕುಳಿತರು. 1966ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರವೇರಿದ ಒಬ್ಬನು ಸುಮಾರು ಒಂದೂವರೆ ಗಂಟೆ ಗುಂಡು ಹಾರಿಸಿ ಹಲವರನ್ನು ಕೊಂದನು. ಕ್ಯಾಂಪಸ್ ಕಾವಲುಗಾರರಿಂದ ಏನೂ ಮಾಡಲಾಗಲಿಲ್ಲ. ಮರುವರ್ಷವೇ ಟೆಕ್ಸಾಸ್ ಶಾಸನಸಭೆ ವಿಶ್ವವಿದ್ಯಾಲಯಗಳು ಪೊಲೀಸ್ ಪಡೆ ಹೊಂದಲು ಕಾನೂನು ಮಾಡಿತು.

ಇನ್ನೂ ನೋವಿನ ಪಾಠ ಕಲಿಸಿದ್ದು ಹೊರಗಿನಿಂದ ಬಂದ ಪಡೆಗಳು. 1968ರಲ್ಲಿ ಆರೆಂಜ್‌ಬರ್ಗ್‌ನಲ್ಲಿ ಹೆದ್ದಾರಿ ಪೊಲೀಸರ ಗುಂಡಿಗೆ ಮೂವರು ಕಪ್ಪು ಯುವಕರು ಸತ್ತರು. 1970ರ ಮೇ 4ರಂದು ಕೆಂಟ್ ಸ್ಟೇಟ್‌ನಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ. ಹತ್ತೇ ದಿನ ಕಳೆದು ಜಾಕ್ಸನ್ ಸ್ಟೇಟ್‌ನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅವರಲ್ಲಿ ಜೇಮ್ಸ್ ಅರ್ಲ್ ಗ್ರೀನ್ ಹೈಸ್ಕೂಲ್ ಹುಡುಗ, ಕೆಲಸ ಮುಗಿಸಿ ಮನೆಗೆ ಹೊರಟವನು.

ವಿದ್ಯಾರ್ಥಿಗಳ ಗುರುತು ಪರಿಚಯವಿಲ್ಲದವರನ್ನು ಕರೆಸುವುದಕ್ಕಿಂತ, ಕ್ಯಾಂಪಸ್ಸನ್ನು ಬಲ್ಲ, ವಿಶ್ವವಿದ್ಯಾಲಯಕ್ಕೆ ಉತ್ತರ ಹೇಳಬೇಕಾದ ನಮ್ಮವರೇ ಇರಲಿ ಎಂಬ ವಿಚಾರ ಬಲವಾಯಿತು. ರಾಜ್ಯಗಳು ಒಂದೊಂದಾಗಿ ಅಧಿಕಾರ ಕೊಟ್ಟವು. 1990ರಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಹೆತ್ತವರ ಹೋರಾಟದ ಫಲವಾಗಿ, ಕ್ಯಾಂಪಸ್ ಅಪರಾಧಗಳ ಲೆಕ್ಕವನ್ನು ಪ್ರಕಟಿಸಲೇಬೇಕೆಂಬ ಕಾನೂನು ಬಂತು. 2011-12ರ ಸರ್ಕಾರಿ ಸಮೀಕ್ಷೆಯ ಹೊತ್ತಿಗೆ, 2,500ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸರ್ಕಾರಿ ಕ್ಯಾಂಪಸ್‌ಗಳಲ್ಲಿ ಶೇ. 92ರಲ್ಲಿ ಬಂಧಿಸುವ ಅಧಿಕಾರವುಳ್ಳ ಪೊಲೀಸರಿದ್ದರು. ಖಾಸಗಿಯಲ್ಲಿ ಇದು ಶೇ. 38 ಮಾತ್ರ.

ಆದರೆ 'ನಮ್ಮವರು' ಎಂಬ ಭರವಸೆ ಸಾಕಾಯಿತೇ? 2011ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕೈಗೆ ಕೈ ಹೆಣೆದು ನೆಲದ ಮೇಲೆ ಸುಮ್ಮನೆ ಕುಳಿತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆದದ್ದು ಅದೇ ಕ್ಯಾಂಪಸ್ಸಿನ ಪೊಲೀಸರು. ವಿಶ್ವವಿದ್ಯಾಲಯ ಸುಮಾರು 10 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿತು. 2015ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಪೊಲೀಸನೊಬ್ಬ ಕ್ಯಾಂಪಸ್ಸಿನ ಹೊರಗೆ, ಕಾರಿನ ಮುಂದೆ ನಂಬರ್ ಪ್ಲೇಟ್ ಇಲ್ಲವೆಂದು ತಡೆದ ಸ್ಯಾಮ್ಯುಯೆಲ್ ಡುಬೋಸ್ ಎಂಬಾತನನ್ನು ಗುಂಡಿಟ್ಟು ಕೊಂದನು.

ಹೊರಗಿನವರ ಬದಲು ಒಳಗಿನವರು ಬಂದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದು ನಮಗೆ ಇಲ್ಲಿ ಕಾಣುವ ಮಾತು. ಕಾಯುವವನ ಕೈಯಲ್ಲಿ ಏನಿದೆ, ತಪ್ಪಾದರೆ ಅವನು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನೂ ಕೇಳಬೇಕು. ಕ್ಲೆರಿ ದಂಪತಿ ಕೇಳಿದ್ದು ಬಂದೂಕನ್ನಲ್ಲ, ಲೆಕ್ಕವನ್ನು. ಮುಂದಿನ ಸಲ ಕಾಲೇಜು ಆರಿಸುವಾಗ ಗೇಟಿನಲ್ಲಿ ಎಷ್ಟು ಮಂದಿ ನಿಂತಿದ್ದಾರೆ ಎಂದು ನೋಡುವುದರ ಜೊತೆಗೆ, ಮಕ್ಕಳ ದೂರನ್ನು ಅಲ್ಲಿ ಯಾರು ಕೇಳುತ್ತಾರೆ ಎಂದೂ ನಾವು ವಿಚಾರಿಸೋಣ. ನಿಮ್ಮ ಅಭಿಪ್ರಾಯವೇನು? ಮುಂದಿನ ಯುವಕೂಟದಲ್ಲಿ ಮಾತಾಡೋಣ.