ಕಹಳೆಯ ಮುಂದೆ, ಸೀರೆ ಬೀರುವಿನ ಮುಂದೆ

ನಮ್ಮ ದೇಶದ ಆರಂಭದ ಧ್ವನಿಮುದ್ರಣಗಳು ಸ್ಟುಡಿಯೋದಲ್ಲಿ ಆದವಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರನ್ನು ಹಾಡಿಸಿದ. ಮೈಕ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ತಾರಸ್ಥಾಯಿಗೆ ಏರಿದಾಗ ಹಿಂದೆ ಸರಿಯಬೇಕು, ಮಂದ್ರಕ್ಕೆ ಇಳಿದಾಗ ಮುಂದೆ ಬಾಗಬೇಕು. ಇರುವುದು ಮೂರೇ ನಿಮಿಷ, ಆಮೇಲೆ ತಿದ್ದುವಂತಿಲ್ಲ. ಹಾಡು ಮುಗಿದಾಗ ಗೌಹರ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ! ಇದೇ ಗೌಹರ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಐದು ವರ್ಷದ ಬಳಿಕ ಅದೇ ಊರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 30 ವ್ಯಾಟಿನ ಪ್ರೇಷಕವಿಟ್ಟು ತಮ್ಮ ಮನೆಯಿಂದಲೇ ರೇಡಿಯೋ ನಡೆಸಿದರು. ಮನೆಯಲ್ಲಿ ದನಿ ಹಿಡಿಯುವುದು ನಮ್ಮ ಕಾಲದ ಹುಚ್ಚು ಎನ್ನುವವರಿಗೆ ನಾನು ಈ ಎರಡು ಸಂಗತಿಗಳನ್ನು ಹೇಳುತ್ತೇನೆ.

ಸಂಶೋಧನೆಗಾಗಿ ಈಗ ಹಲಸೂರಿನ ಅಜ್ಜಿಯೊಬ್ಬರ ಸೋಬಾನೆ ಪದಗಳನ್ನು ಮುದ್ರಿಸುತ್ತಿದ್ದೇನೆ. ಎಂಬತ್ತು ದಾಟಿದವರು. ಈ ಪದಗಳು ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಒಮ್ಮೆ ಉಸಿರು ಕಟ್ಟಿತೆಂದರೆ ಆ ದಿನದ ಹಾಡು ಅಲ್ಲಿಗೆ ಮುಗಿಯಿತು. ಹಾಗಾಗಿ ಗೈಸ್‌ಬರ್ಗನ ಮೂರು ನಿಮಿಷ ನನಗೆ ಬರೀ ಇತಿಹಾಸವಲ್ಲ.

ಮೊಸಾಯಿಕ್ ನೆಲ, ಬರಿಗೋಡೆ, ಹೊರಗೆ 2011ರಿಂದ ಓಡುತ್ತಿರುವ ಮೆಟ್ರೋ. ಮೊದಲು ಬಗೆಹರಿಸಬೇಕಾದ್ದು ಗೋಡೆಯ ಮಾರ್ದನಿ. ಬೀರುವಿನ ಬಾಗಿಲು ತೆರೆದು ಅಜ್ಜಿಯನ್ನು ಸೀರೆಗಳ ಎದುರು ಕೂರಿಸಿ, ಬೆನ್ನ ಹಿಂದೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟೆವು. ಫ್ಯಾನು, ಫ್ರಿಜ್ಜು ಬಂದ್. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆ; ಆಗ ‘ಪ’, ‘ಭ’ಗಳ ಗಾಳಿ ನೇರ ಬಡಿಯುವುದಿಲ್ಲ. ಎಷ್ಟೇ ಜೋರಾಗಿ ಹಾಡಿದರೂ ಮೀಟರಿನ ಮುಳ್ಳು ಕೆಂಪು ಮುಟ್ಟಬಾರದು. ಒಮ್ಮೆ ಒಡೆದ ದನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಕೂಡಿಸಲಾರದು.

ಆಮೇಲೆ ನಾನು ಮುಟ್ಟುವುದು ಬಹಳ ಕಡಿಮೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ತಗ್ಗಿಸಿದರೆ ಮೆಟ್ರೋ ಅರ್ಧ ಅಡಗುತ್ತದೆ. ಸದ್ದು ಅಳಿಸುವ ಗುಂಡಿಯನ್ನು ಜೋರಾಗಿ ತಿರುಗಿಸಿದರೆ ಸಾಲಿನ ಕೊನೆಯಲ್ಲಿ ಕರಗುವ ಅಜ್ಜಿಯ ಎಳೆತವೂ ಅಳಿದುಹೋಗುತ್ತದೆ. ಸೋಬಾನೆಯ ರುಚಿಯಿರುವುದೇ ಆ ಎಳೆತದಲ್ಲಿ. ಸ್ವಚ್ಛ ದನಿಯ ಆಸೆಗೆ ಅದನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಗೌಹರ್ ಅವರ ಪದ್ಧತಿಯನ್ನೂ ಇಟ್ಟುಕೊಂಡಿದ್ದೇನೆ. ಪ್ರತಿ ಪದದ ಕೊನೆಗೆ ಅಜ್ಜಿ ತಮ್ಮ ಹೆಸರು, ತವರೂರು, ಪದ ಕಲಿಸಿದವರ ಹೆಸರು ಹೇಳುತ್ತಾರೆ. ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಂಬತ್ತು ಪದ ಆಗಿವೆ, ಹನ್ನೊಂದು ಬಾಕಿ.